ಒಳಕೋಣೆಗೊಂದು ಬಾಗಿಲು

ಅವಳನ್ನು ಮನೆಯಲ್ಲಿ ಗುಮ್ಮಿ ಎಂದೇ ಕರೆಯುತ್ತಿದ್ದರು. ಚಿಕ್ಕವಳಿದ್ದಾಗ ಯಾರು ಏನು ಕೇಳಿದರೂ ಬಾಯಿ ಬಿಡದೆ ಬಾಗಿಲ ಹಿಂದೆ ಸೇರಿಕೊಳ್ಳುವುದನ್ನು ನೋಡಿ ಸೋದರತ್ತೆ, "ಒಳ್ಳೆ ಗುಮ್ಮನಗುಸುಕಿ ಬಂದು ಸೇರಿದೆಯಲ್ಲ ನಮ್ಮನೆಗೆ" ಎಂದಿದ್ದಳು. ಅಷ್ಟುದ್ದದ ಹೆಸರು ದಿನ ಕಳೆದ ಹಾಗೆ ಮೊಟಕಾಗಿ ಗುಮ್ಮಿಯಾಯಿತು. ಮೊಟಕು ಮಾಡುವುದು ಅತ್ತೆಯ ಕಸುಬೇ ತಾನೆ.

ಅತ್ತೆಯದು ಹೊಲಿಗೆ ಅಂಗಡಿ. ಹೊಸ ಬಟ್ಟೆಗಿಂತ ಹಳೆ ಬಟ್ಟೆಯ ರಿಪೇರಿಯೇ ಹೆಚ್ಚು. ಪ್ಯಾಂಟಿನ ಕಾಲು ಕತ್ತರಿಸಿ ಮಡಿಚುವುದು, ಕಿತ್ತ ಜಿಪ್ಪು ಬದಲಿಸುವುದು, ಸೊರಗಿದವರಿಗೆ ಬಿಗಿ ಮಾಡಿ ಕೊಡುವುದು, ಉಬ್ಬಿದವರಿಗೆ ಸಡಿಲ ಬಿಡುವುದು. ಮುಂದೆ ಕೌಂಟರಿನಲ್ಲಿ ಅತ್ತೆ, ಪರದೆಯ ಹಿಂದಿನ ಒಳಕೋಣೆಯಲ್ಲಿ ಗುಮ್ಮಿ. ಶಾಲೆಯಲ್ಲಿ ಎದ್ದು ನಿಂತು ಪಾಠ ಓದು ಎಂದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಇಡೀ ತರಗತಿ ಕತ್ತು ತಿರುಗಿಸಿ ನೋಡುತ್ತಿತ್ತು. ಹೈಸ್ಕೂಲು ಮುಗಿಯುವ ಮೊದಲೇ ಅದಕ್ಕೊಂದು ದೊಡ್ಡ ನಮಸ್ಕಾರ ಹಾಕಿ ಈ ಒಳಕೋಣೆ ಸೇರಿದವಳು, ಅಲ್ಲಿನ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ತಲೆಯಿಲ್ಲದ ಒಂಟಿ ಕಾಲಿನ ಬಟ್ಟೆ ಗೊಂಬೆ, ಇವುಗಳ ಜೊತೆ ಹಾಯಾಗಿ ಇದ್ದುಬಿಟ್ಟಿದ್ದಳು.

ಅತ್ತೆ ಮಾತಿನ ಮಲ್ಲಿ. ಗಿರಾಕಿ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದು ನಿಂತರೆ, "ಉಸಿರು ಬಿಡಿ ಸಾರ್, ಅಳತೆ ನಿಮ್ಮದು ತಗೋಬೇಕು, ನಿಮ್ಮ ಆಸೆದಲ್ಲ" ಎನ್ನುತ್ತಿದ್ದಳು. ಬಟ್ಟೆ ಯಾವಾಗ ಸಿಗುತ್ತದೆ ಎಂದರೆ, "ನಾಳೆ ಬನ್ನಿ. ನಾಳೆ ಅಂದ್ರೆ ನಾಡಿದ್ದು." ಪರದೆಯ ಹಿಂದೆ ಕೂತ ಗುಮ್ಮಿ ಒಂದು ಮಾತನ್ನೂ ನೆಲಕ್ಕೆ ಬೀಳಗೊಡದೆ ಕೇಳಿಸಿಕೊಳ್ಳುತ್ತಿದ್ದಳು.

ಬಿಲ್ಲು ಮಾಡಲು ಅಂತ ಅತ್ತೆ ಒಮ್ಮೆ ಒಂದು ಹಳೆಯ ಕಂಪ್ಯೂಟರ್ ತಂದಳು. ಅವಳಿಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ವಾರದೊಳಗೆ ಅದು ಒಳಕೋಣೆಗೆ ಬಂತು. ಅದರ ಹಿಂದೆಯೇ ಬಂದದ್ದು 'ಸಾವಿರಬಾಗಿಲು.'

ಅದೊಂದು ಆಟ. ಆದರೆ ಅದರಲ್ಲಿ ಒಂದು ಚಿತ್ರವೂ ಇರಲಿಲ್ಲ. ಕಪ್ಪು ತೆರೆ, ಅದರ ಮೇಲೆ ಬಿಳಿ ಅಕ್ಷರ, ಅಷ್ಟೇ. 'ನೀವು ಸೇತುವೆಯ ಮೇಲಿದ್ದೀರಿ. ಹಲಗೆಗಳು ಒದ್ದೆಯಾಗಿವೆ. ದಾರಿಗಳು: ಉತ್ತರ, ದಕ್ಷಿಣ' ಎಂದು ಬರುತ್ತಿತ್ತು. ಉತ್ತರ ಎಂದು ಟೈಪ್ ಮಾಡಿದರೆ ಉತ್ತರಕ್ಕೆ ಹೋದಂತೆ. ಹಲಗೆ ನೋಡು ಎಂದರೆ ಹಲಗೆಯ ಬಿರುಕು, ಅದರಲ್ಲಿ ಸಿಕ್ಕಿಕೊಂಡ ಯಾರದೋ ಉಂಗುರ. ಎಲ್ಲೋ ದೂರದ ಮನೆಯಲ್ಲಿ ಕೂತ ಇನ್ನೊಬ್ಬರು ಅದೇ ಹೊತ್ತಿಗೆ ಅದೇ ಸೇತುವೆಯ ಮೇಲೆ ನಿಂತಿದ್ದರೆ, ಅವರು ಆಡಿದ ಮಾತು ನಿಮ್ಮ ತೆರೆಯ ಮೇಲೂ ಮೂಡುತ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ವೇಷ. ವೇಷ ತೊಟ್ಟ ಮೇಲೆ ಆ ವೇಷದವರ ಹಾಗೇ ಮಾತಾಡಬೇಕು.

ಆಟವನ್ನು ಕಟ್ಟಿದವರು ಲಿಫ್ಟ್ ರಿಪೇರಿ ಮಾಡುವ ಒಬ್ಬರು. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ಬೆಂಕಿಪೊಟ್ಣ ಎಂಬ ಮುಂಗೋಪಿ ಕತ್ತಿವೀರ ನಿಜದಲ್ಲಿ ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು. ಕಪ್ಪೆರಾಯ ಎಂಬ ಸರದಾರ ಕಪ್ಪೆ ಟೆಲಿಫೋನ್ ಆಪರೇಟರು. ಅವರಿಗೆ ಕಣ್ಣು ಕಾಣದು. ತೆರೆಯ ಮೇಲಿನ ಅಕ್ಷರವನ್ನೆಲ್ಲ ಅವರ ಕಂಪ್ಯೂಟರೇ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಚಿತ್ರವೇ ಇಲ್ಲದ ಆಟದಲ್ಲಿ ಅವರಿಗೆ ಯಾರಿಗಿಂತಲೂ ಏನೂ ಕಡಿಮೆಯಿರಲಿಲ್ಲ. ಗುಮ್ಮಿ ಅಲ್ಲಿ ಸೂಜಿ. ಸೂಜಿ ಎಲ್ಲ ಕಡೆ ಇರುತ್ತಿದ್ದಳು, ಎಲ್ಲ ಕೇಳುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಟೈಪ್ ಮಾಡುವುದು, ಓದುವುದು, ಅಳಿಸುವುದು. ಮಾತು ಬಾಯಲ್ಲಿ ಹೇಗೆ ಸಿಕ್ಕಿಕೊಳ್ಳುತ್ತಿತ್ತೋ ಬೆರಳ ತುದಿಯಲ್ಲೂ ಹಾಗೇ ಸಿಕ್ಕಿಕೊಳ್ಳುತ್ತಿತ್ತು.

ಆದರೆ ಕೋಣೆ ಕಟ್ಟುವುದು ಅವಳಿಗೆ ಬಂತು. ಸಾವಿರಬಾಗಿಲಿನಲ್ಲಿ ಯಾರು ಬೇಕಾದರೂ ಹೊಸ ಜಾಗ ಬರೆದು ಕೂಡಿಸಬಹುದಿತ್ತು. ಅದಕ್ಕೊಂದು ಕಟ್ಟುಪಾಡು: ಜಾಗ ತೆರೆಯುವ ದಿನ ಕಟ್ಟಿದವರು ಯಾವುದಾದರೊಂದು ವೇಷದಲ್ಲಿ ಅಲ್ಲೇ ಇರಬೇಕು, ಬಂದವರನ್ನು ಮಾತಾಡಿಸಬೇಕು. ಕೊನೆಗೆ ಬಂದವರೆಲ್ಲ 'ಇರಲಿ' ಎಂದರೆ ಜಾಗ ಉಳಿಯುತ್ತದೆ. ಒಬ್ಬರು 'ಬೇಡ' ಎಂದರೂ ಅಳಿಸಿಹೋಗುತ್ತದೆ.

ಅವಳು ಹೋದ ವರ್ಷ ಒಂದು ದೀಪದ ಕಂಬಗಳ ಬೀದಿ ಕಟ್ಟಿದ್ದಳು. ಎಲ್ಲರೂ ಬಂದರು, ಮಾತಾಡಿಸಿದರು. ಸೂಜಿ ತುಟಿ ಪಿಟಿಕ್ಕೆನ್ನಲಿಲ್ಲ. ಖಾಲಿ ಮನೆಗೆ ಬಂದಂತಾಯಿತು ಎಂದು ಯಾರೋ 'ಬೇಡ' ಎಂದರು. ಬೀದಿ ದೀಪದ ಸಮೇತ ಹೋಯಿತು. ಆಮೇಲೆ ಯಜಮಾನರು ಅವಳಿಗೊಬ್ಬಳಿಗೇ ಬರೆದಿದ್ದರು: 'ಚೆನ್ನಾಗಿ ಕಟ್ತೀಯಮ್ಮ ಸೂಜಿ. ಮುಂದಿನ ಸಲ ಒಂದೆರಡು ಮಾತಾಡು. ಜಾಗಕ್ಕೆ ಜೀವ ಬರೋದು ಮನುಷ್ಯರ ಸದ್ದಿಂದ.'

ಈ ಸಲ ಅವಳು ಕಟ್ಟಿದ್ದು ಹೊಲಿಗೆ ಅಂಗಡಿ. ತಿಂಗಳುಗಟ್ಟಲೆ ಕೂತು ಕಟ್ಟಿದ್ದಳು. ಅಲ್ಲಿ ರಾಕ್ಷಸರ ಪ್ಯಾಂಟು ಸಡಿಲ ಮಾಡಿಕೊಡುತ್ತಾರೆ. ಹಾರುವ ಕುದುರೆಯವರ ಅಂಗಿಗೆ ಗಾಳಿ ನುಗ್ಗದಂತೆ ಗುಂಡಿ ಹಾಕುತ್ತಾರೆ. ಯಾರೋ ತೇಪೆ ಹಾಕಲು ಕೊಟ್ಟ ಮಾಯದ ಅಂಗಿ ಕಣ್ಣಿಗೇ ಕಾಣದ್ದರಿಂದ ಎಲ್ಲಿಟ್ಟೆನೋ ಎಂದು ಹುಡುಕುತ್ತಲೇ ಇರುತ್ತಾರೆ. ಕೌಂಟರಿನಲ್ಲೊಬ್ಬ ದರ್ಜಿಯಮ್ಮ. ಅವಳು ಯಾರ ವೇಷವೂ ಅಲ್ಲ, ಆಟದ್ದೇ ಬೊಂಬೆ. ಯಾರಾದರೂ 'ಯಾವಾಗ' ಎಂದರೆ, 'ನಾಳೆ ಬನ್ನಿ. ನಾಳೆ ಅಂದ್ರೆ ನಾಡಿದ್ದು' ಎನ್ನುವಂತೆ ಗುಮ್ಮಿ ಬರೆದಿಟ್ಟಿದ್ದಳು. ಕೇಳುವ ಒಂದೊಂದು ಪದಕ್ಕೂ ಅತ್ತೆಯ ಒಂದೊಂದು ಮಾತು. ಬೊಂಬೆಯೇ ಮಾತಾಡಿದರೆ ತಾನು ಸುಮ್ಮನಿರಬಹುದೆಂಬ ದೂರಾಲೋಚನೆ. ಪರದೆಯ ಆಚೆ ಒಳಕೋಣೆ. ಕಪ್ಪೆರಾಯರನ್ನು ನೆನೆದು ಅಲ್ಲಿ ಮುಟ್ಟಿದರೆ ತಿಳಿಯುವ ವಸ್ತುಗಳನ್ನೇ ಹೆಚ್ಚು ಇಟ್ಟಿದ್ದಳು: ಆರುತ್ತಿರುವ ಇಸ್ತ್ರಿಪೆಟ್ಟಿಗೆ, ಕೈಗೆ ಹಿಟ್ಟಿನ ಹಾಗೆ ಹತ್ತುವ ಸೀಮೆಸುಣ್ಣ, ಒಂದು ತಣ್ಣಗೆ ಒಂದು ಬೆಚ್ಚಗೆ ಇರುವ ಗುಂಡಿಗಳ ಡಬ್ಬಿ.

ಇನ್ನು ಅವಳ ವೇಷ? ಮೂಲೆಯ ಬಟ್ಟೆ ಗೊಂಬೆ. ತಲೆಯೇ ಇಲ್ಲದವಳನ್ನು ಮಾತಾಡು ಎಂದು ಯಾರು ಕೇಳುತ್ತಾರೆ?

ತೆರೆಯುವ ದಿನ ಅಂಗಡಿಗೆ ವಾರದ ರಜೆ. ಮಧ್ಯಾಹ್ನ. ಮುಂದಿನ ಶಟರು ಅರ್ಧ ಎಳೆದಿತ್ತು. ಅತ್ತೆ ಇಸ್ತ್ರಿ ಮೇಜಿನ ಬಳಿ ಒಂದು ಕೋಟಿನ ಒಳಪದರ ಬಿಚ್ಚುತ್ತಾ ಕೂತಿದ್ದಳು. ಕೀಲಿಗಳ ಟಕಟಕ ಕೇಳಿದಾಗಲೆಲ್ಲ ಕನ್ನಡಕದ ಮೇಲಿಂದ ಒಂದು ನೋಟ.

"ಯಾರೇ ಅವನು?"

"ಯಾರೂ ಇಲ್ಲ ಅತ್ತೆ."

"ಯಾರೂ ಇಲ್ದೆ ಹೀಗೆ ಬೆವರ್ತಾರಾ? ಇದ್ರೆ ಹೇಳೇ, ಕರ್ಕೊಂಡು ಬಾ. ಅಳತೆ ತಗೊಂಡ್ರೆ ಆಸಾಮಿ ಎಂಥವನು ಅಂತ ಹೇಳ್ತೀನಿ."

ತೆರೆಯ ಮೇಲೆ ಆಗಲೇ ಬೆಂಕಿಪೊಟ್ಣ ಅಂಗಡಿಯೊಳಗೆ ಕಾಲಿಟ್ಟಿದ್ದ. ಅವನ ಹಿಂದೆ ಕಪ್ಪೆರಾಯ, ಅವರ ಹಿಂದೆ ಮೂಟೆ ಹೊರುವವನ ವೇಷದಲ್ಲಿ ಯಜಮಾನರು. ಇಂಥ ದಿನ ಯಜಮಾನರು ತಮ್ಮ ಅಧಿಕಾರವನ್ನೆಲ್ಲ ಹೊರಗಿಟ್ಟು ಎಲ್ಲರಂತೆ ಬರುತ್ತಿದ್ದರು. ಇನ್ನೂ ನಾಲ್ಕಾರು ಜನ.

"ಏನಮ್ಮ, ನನ್ನ ಕವಚದ ತೋಳು ಯಾವಾಗ ಸಿಗುತ್ತೆ?" ಎಂದ ಬೆಂಕಿಪೊಟ್ಣ.

"ನಾಳೆ ಬನ್ನಿ. ನಾಳೆ ಅಂದ್ರೆ ನಾಡಿದ್ದು" ಎಂದಳು ದರ್ಜಿಯಮ್ಮ.

ನಗು ಶುರುವಾಯಿತು. ಒಬ್ಬೊಬ್ಬರೂ ಅವಳನ್ನು ಕೆಣಕಿ ಬೈಸಿಕೊಂಡರು. ಮಾಯದ ಅಂಗಿಯನ್ನು ಎಲ್ಲರೂ ಸೇರಿ ಹುಡುಕಿದರು. ಆಮೇಲೆ ಪರದೆ ಸರಿಸಿ ಸಾಲಾಗಿ ಒಳಕೋಣೆಗೆ ಬಂದರು. ಕಪ್ಪೆರಾಯ ಗುಂಡಿಯ ಡಬ್ಬಿಯಲ್ಲಿ ಕೈಯಾಡಿಸಿದರು. "ಆಹಾ, ಇದೊಂದು ಮರದ್ದು, ಬೆಚ್ಚಗಿದೆ. ವಟ್" ಎಂದರು, ಕಪ್ಪೆಯಾದ್ದರಿಂದ ಅವರ ಮಾತೆಲ್ಲ ವಟ್ ಎಂದೇ ಮುಗಿಯುತ್ತಿತ್ತು. ಗುಮ್ಮಿಯ ಎದೆ ತುಂಬಿ ಬಂತು. ಇನ್ನೇನು, ಮೂಲೆಯ ಗೊಂಬೆಯನ್ನು ಯಾರೂ ಮಾತಾಡಿಸದೆ ಎಲ್ಲ ಮುಗಿದೇ ಹೋಗುತ್ತದೆ ಎಂದುಕೊಂಡಳು.

ಆಗ ಕಪ್ಪೆರಾಯ ಕೇಳಿದರು. "ಒಂದು ಸಣ್ಣ ವಿಷಯ. ನನ್ನ ಯಂತ್ರ ದಾರಿಗಳು ಇಲ್ಲ ಅಂತ ಓದ್ತಿದೆ. ನಿಮಗೂ ಹಾಗೇ ಕಾಣ್ತಿದೆಯಾ? ವಟ್."

ಗುಮ್ಮಿ ನೋಡಿದಳು. ಕೋಣೆಯ ವಿವರದ ಕೆಳಗೆ, ಎಲ್ಲ ಕೋಣೆಗೂ ಇರುವ ಕೊನೆಯ ಸಾಲು: 'ದಾರಿಗಳು: ಇಲ್ಲ.'

ಈ ಆಟದಲ್ಲಿ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಅಂಗಡಿಯಿಂದ ಒಳಕೋಣೆಗೆ ದಾರಿ ಬರೆದ ಮಾತ್ರಕ್ಕೆ ಒಳಕೋಣೆಯಿಂದ ಅಂಗಡಿಗೆ ತಾನಾಗಿ ದಾರಿ ಆಗುವುದಿಲ್ಲ, ಅದನ್ನೂ ಬರೆಯಬೇಕು. ಅವಳು ಇಸ್ತ್ರಿಪೆಟ್ಟಿಗೆಯ ಬಿಸಿ ಬರೆದಿದ್ದಳು, ಗುಂಡಿಯ ತಂಪು ಬರೆದಿದ್ದಳು, ಹೊರಗೆ ಹೋಗುವ ದಾರಿ ಬರೆದಿರಲಿಲ್ಲ. ಆಚೆಯಿಂದ ಪರದೆಯಾಗಿದ್ದದ್ದು ಈಚೆಯಿಂದ ಬರೀ ಗೋಡೆ.

"ಸಾವಿರಬಾಗಿಲು ಅಂತ ಹೆಸರು, ಇರೋ ಒಂದು ಬಾಗಿಲೂ ಇಲ್ಲ!" ಎಂದು ಬೆಂಕಿಪೊಟ್ಣ ಕೂಗಿದ. ಗೋಡೆಗೆ ಕತ್ತಿ ಬೀಸಿದ. ಗೋಡೆ ಜಪ್ಪಯ್ಯ ಅನ್ನಲಿಲ್ಲ. ಗೋಡೆಯಾಚೆಗೆ ಕೂಗಿ ಕೇಳಿದ, "ದರ್ಜಿಯಮ್ಮ, ಹೊರಗೆ ಹೋಗೋದು ಹೇಗೆ?"

'ಹೊರಗೆ' ಎಂಬ ಪದ ಕಿವಿಗೆ ಬಿದ್ದದ್ದೇ ತಡ, ದರ್ಜಿಯಮ್ಮ ಬರೆದಿಟ್ಟಂತೆಯೇ ಹೇಳಿದಳು: "ಹೊರಗೆ ಹೋಗೋ ಅವಸರ ಏನು? ತೋಳು ಎತ್ತಿ."

"ತೋಳು ಎತ್ತಿದ್ದೀನಿ ತಾಯಿ, ಹೊರಗೆ ಬಿಡು!"

"ಹೊರಗೆ ಹೋಗೋ ಅವಸರ ಏನು? ತೋಳು ಎತ್ತಿ."

ಮೊದಮೊದಲು ನಕ್ಕರು. ಆಮೇಲೆ ನಗು ತೆಳ್ಳಗಾಯಿತು. ಆಟ ಮುಚ್ಚಿ ಎದ್ದುಹೋಗಬಹುದಿತ್ತು, ಆದರೆ ಮತ್ತೆ ತೆರೆದಾಗ ವೇಷ ಬಿಟ್ಟ ಜಾಗದಲ್ಲೇ ಇರುತ್ತದೆ. "ನನಗೆ ಸ್ವಲ್ಪ ಹೊತ್ತಿಗೆಲ್ಲ ಡ್ಯೂಟಿ ಇದೆ" ಎಂದರು ಕಪ್ಪೆರಾಯ, ವಟ್ ಎನ್ನುವುದನ್ನೂ ಮರೆತು. "ನನ್ನ ಕಪ್ಪೆನ ಇಲ್ಲಿ ಗೋಡೆ ಮಧ್ಯೆ ಬಿಟ್ಟು ಹೋಗೋಕೆ ಮನಸ್ಸಾಗಲ್ಲ."

ಸರಿಪಡಿಸುವುದು ಏನೂ ಕಷ್ಟವಿರಲಿಲ್ಲ. ಒಂದೇ ಸಾಲು ಬರೆದರೆ ಆಯಿತು. ಆದರೆ ಸಾವಿರಬಾಗಿಲಿನ ಇನ್ನೊಂದು ಕಟ್ಟುಪಾಡು ಎಲ್ಲರಿಗೂ ಗೊತ್ತಿತ್ತು. ಜನ ಒಳಗಿರುವಾಗ ಗೋಡೆ ತಾನಾಗಿ ಒಡೆಯಬಾರದು. ಒಡೆದರೆ, ಅಲ್ಲೇ ಇರುವ ಯಾರೋ ಎಲ್ಲರೆದುರು ಬಾಯಿಬಿಟ್ಟು ಹೇಳಿಯೇ ಒಡೆದಿರಬೇಕು. ಜಾಗ ಅವಳದು, ಹಾಗಾಗಿ ಒಡೆಯಬಹುದಾದವಳೂ ಅವಳೊಬ್ಬಳೇ.

ಯಜಮಾನರ ಮಾತು ಮೂಡಿತು: "ಸೂಜಿ, ಇದ್ದೀಯೇನಮ್ಮ?"

ಗುಮ್ಮಿ ಟೈಪ್ ಮಾಡಿದಳು, ಅಳಿಸಿದಳು. ಮತ್ತೆ ಟೈಪ್ ಮಾಡಿದಳು, ಅಳಿಸಿದಳು. ಇಡೀ ತರಗತಿ ಕತ್ತು ತಿರುಗಿಸಿ ನೋಡಿದಂತಾಯಿತು. ಈಗ ಒಬ್ಬರು 'ಬೇಡ' ಅಂದರೆ ಅಂಗಡಿ ಹೋಯಿತು. ದರ್ಜಿಯಮ್ಮ, ಗುಂಡಿಯ ಡಬ್ಬಿ, ಎಲ್ಲ. ಕೈ ಮೆಲ್ಲಗೆ ಕಂಪ್ಯೂಟರಿನ ಸ್ವಿಚ್ಚಿನ ಕಡೆ ಹೋಯಿತು.

"ಏನೇ ಅದು, ಮುಖ ಬಿಳುಚ್ಕೊಂಡಿದೆ?" ಅತ್ತೆ ಕೋಟನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದು ನಿಂತಳು. ತೆರೆಯ ಮೇಲೆ ಬಗ್ಗಿ, ತುಟಿಯಾಡಿಸುತ್ತಾ ಓದಿದಳು. ಓದುತ್ತಾ ಓದುತ್ತಾ ಹುಬ್ಬು ಮೇಲೇರಿತು.

"ಗುಮ್ಮೀ. ಇದು ನಾನಲ್ವೇನೇ?"

ಗುಮ್ಮಿ ತಲೆ ತಗ್ಗಿಸಿದಳು.

"ನಾಳೆ ಅಂದ್ರೆ ನಾಡಿದ್ದು... ನಾನೆಲ್ಲಿ ಹಾಗಂತೀನಿ?"

ಅಷ್ಟರಲ್ಲಿ ಹೊರಗೆ ಯಾರೋ ಶಟರು ಬಡಿದರು. "ಅಮ್ಮಾ, ನನ್ನ ಪ್ಯಾಂಟು?"

"ಇವತ್ತು ರಜಾ! ನಾಳೆ ಬನ್ನಿ! ನಾಳೆ ಅಂದ್ರೆ..." ಎಂದು ಕೂಗಿದವಳು ಅಲ್ಲಿಗೇ ನಿಂತಳು. ಗುಮ್ಮಿಯ ಮುಖ ನೋಡಿದಳು. ಇಬ್ಬರಿಗೂ ಕಿಸಕ್ಕನೆ ನಗು ಬಂತು. ಆ ನಗುವಿನ ಸಂದಿನಲ್ಲಿ ಗುಮ್ಮಿ ತೊದಲುತ್ತಾ ಎಲ್ಲ ಹೇಳಿದಳು: ಬಾಗಿಲು ಮರೆತದ್ದು, ಒಳಗೆ ಜನ ಸಿಕ್ಕಿಕೊಂಡದ್ದು, ಈಗ ತಾನು ಬಾಯಿ ಬಿಡಬೇಕಾಗಿರುವುದು.

"ಇವ್ರೆಲ್ಲ ನಿಜವಾದ ಮನುಷ್ಯರಾ?"

"ಹೂಂ. ಆ ಕಪ್ಪೆಗೆ ಡ್ಯೂಟಿಗೆ ಹೊತ್ತಾಗ್ತಿದೆ."

"ಬಾಗಿಲು ಯಾಕೆ ಮರೆತೆ ಅಂತ ಕೇಳ್ಬೇಕಾ? ಈ ರೂಮಲ್ಲಿ ಕೂತ್ರೆ ನಿಂಗೆ ಹೊರಗೆ ಹೋಗೋ ಯೋಚ್ನೆ ಯಾವತ್ತು ಬಂದಿದೆ?" ಎಂದಳು ಅತ್ತೆ. ಬಯ್ಗುಳದ ದನಿ, ಆದರೆ ಕೈ ಗುಮ್ಮಿಯ ಜಡೆ ಸರಿಮಾಡುತ್ತಿತ್ತು. "ಕೇಳಿಲ್ಲಿ. ನಾನು ಹೊಸದಾಗಿ ಅಂಗಡಿ ಹಾಕ್ದಾಗ ಒಬ್ರ ಅಂಗಿಗೆ ಕೊರಳನ್ನೇ ಬಿಡ್ದೆ ಹೊಲ್ದುಬಿಟ್ಟಿದ್ದೆ. ಅವರು ತಲೆ ತೂರಿಸ್ತಾರೆ, ತೂರಿಸ್ತಾರೆ, ಎಲ್ಲಿಂದ ಬರುತ್ತೆ? ಮೂಟೆ ಹಾಗೆ ಒಳಗೇ ಸಿಕ್ಕೊಂಡು ಒದ್ದಾಡ್ತಿದ್ದಾರೆ."

"ಆಮೇಲೆ?"

"ಆಮೇಲೇನು, ಕತ್ತರಿ ತಗೊಂಡೆ. ಅಲ್ಲೇ, ಮೈಮೇಲೇ, ಕತ್ತರಿಸ್ದೆ. ಕತ್ತರಿ ಓಡೋವಾಗ ಬಾಯೂ ಓಡ್ತಿರ್ಬೇಕು ಕಣೆ. ಈಗ ಇಲ್ಲಿ ಹಿಡ್ಕೊಂಡೆ, ಈಗ ಇಲ್ಲಿ ಕತ್ತರಿಸ್ದೆ, ಅಲ್ಲಾಡ್ಬೇಡಿ, ಅಂತ. ಬಾಯಿ ನಿಂತ್ರೆ ಒಳಗಿರೋರು ಹೆದರ್ತಾರೆ. ಏನು ಮಾತಾಡ್ಲಿ ಅಂತ ಹುಡುಕ್ಬೇಡ. ಕೈ ಏನು ಮಾಡ್ತಿದೆಯೋ ಅದನ್ನೇ ಹೇಳು."

ಗುಮ್ಮಿ ಕೈ ನೋಡಿಕೊಂಡಳು. ಬೆರಳ ತುದಿಗೆ ಸೀಮೆಸುಣ್ಣದ ಪುಡಿ ಹತ್ತಿತ್ತು. ಸ್ವಿಚ್ಚಿನಿಂದ ಕೈ ತೆಗೆದು ಕೀಲಿಗಳ ಮೇಲಿಟ್ಟಳು. ಈ ಸಲ ಬರೆದದ್ದನ್ನು ಓದಲಿಲ್ಲ, ಅಳಿಸಲಿಲ್ಲ. ಕಣ್ಣುಮುಚ್ಚಿ ಕಳಿಸಿದಳು.

ಮೂಲೆಯ ಗೊಂಬೆ ಗಂಟಲು ಸರಿಮಾಡಿಕೊಂಡಿತು. ಗಂಟಲಿಲ್ಲ, ಆದರೂ.

"ಅಯ್ಯಯ್ಯೋ!" ಎಂದ ಬೆಂಕಿಪೊಟ್ಣ. "ಗೊಂಬೆ ಕೆಮ್ತು! ಯಾರ ಹಿಂದಾದ್ರೂ ನಿಂತ್ಕೋತೀನಿ, ಜಾಗ ಬಿಡಿ!"

"ಹೆದರ್ಬೇಡಿ" ಎಂದಿತು ಗೊಂಬೆ. "ತಪ್ಪು ನಂದು. ಅಂಗಿಗೆ ಕೊರಳು ಬಿಡದೆ ಹೊಲಿದ ಹಾಗೆ ಈ ಕೋಣೆಗೆ ಬಾಗಿಲು ಬಿಡೋದು ಮರೆತೆ. ಈಗ ನಿಮ್ಮ ಮೈಮೇಲೇ ಸರಿ ಮಾಡ್ತೀನಿ. ಯಾರೂ ಅಲ್ಲಾಡ್ಬೇಡಿ."

ಆಮೇಲೆ ಗೊಂಬೆ ಒಂಟಿ ಕಾಲಿನಲ್ಲಿ ಕುಂಟುತ್ತಾ ಬಂತು.

"ಈಗ ಸೀಮೆಸುಣ್ಣ ತಗೊಂಡೆ. ಗೋಡೆ ಮೇಲೆ ಗೆರೆ ಎಳೀತಿದ್ದೀನಿ. ಕಪ್ಪೆರಾಯ್ರೇ, ಕೈ ಕೊಡಿ, ಗೆರೆ ಇಲ್ಲಿದೆ. ಬೆರಳಿಗೆ ಪುಡಿ ಹತ್ತುತ್ತೆ."

"ಹತ್ತಿತು" ಎಂದರು ಕಪ್ಪೆರಾಯ. "ಒರಟು ಗೋಡೆ, ನುಣ್ಣನೆ ಗೆರೆ. ವಟ್."

"ಈಗ ಕತ್ತರಿ. ಗೋಡೆ ದಪ್ಪ ಇದೆ, ಕೋಟಿನ ಬಟ್ಟೆ ಥರ. ಬೆಂಕಿಪೊಟ್ಣ ಅವ್ರೇ, ಈ ಅಂಚು ಬಿಗಿಯಾಗಿ ಹಿಡ್ಕೊಳಿ. ಉಸಿರು ಬಿಡಿ. ಹೊಟ್ಟೆ ಒಳಗೆಳ್ಕೊಂಡ್ರೆ ಬಾಗಿಲು ಚಿಕ್ಕದಾಗುತ್ತೆ, ಆಮೇಲೆ ನೀವೇ ತೂರಲ್ಲ."

"ಹೇಳು, ಹೇಳು!" ಹಿಂದಿನಿಂದ ಅತ್ತೆ ಹೆಗಲು ತಿವಿದಳು. "ದಾರ ಇಳಿಬಿದ್ರೆ ಕಾಲಿಗೆ ಸಿಗುತ್ತೆ ಅಂತ ಹೇಳು!"

ಗುಮ್ಮಿ ಅದನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಕಂಪ್ಯೂಟರಿನ ಇನ್ನೊಂದು ಕಿಟಕಿಯಲ್ಲಿ ಆ ಒಂದು ಸಾಲು ಬರೆದಳು, ಒಳಕೋಣೆಯಿಂದ ಅಂಗಡಿಗೆ. ಕೋಣೆಯ ಕೆಳಗಿನ ಸಾಲು ಬದಲಾಯಿತು. 'ದಾರಿಗಳು: ಹೊರಗೆ.'

"ಆಯ್ತು" ಎಂದಿತು ಗೊಂಬೆ. "ಅಂಚು ಇನ್ನೂ ಮಡಿಚಿಲ್ಲ. ನಿಧಾನ ಹೋಗಿ, ನೂಲು ಬಿಟ್ಕೊಳುತ್ತೆ."

ಯಾರೂ ಹೋಗಲಿಲ್ಲ.

ಬೆಂಕಿಪೊಟ್ಣ ಕತ್ತಿ ಕೆಳಗಿಟ್ಟು ತೋಳು ಎತ್ತಿ ನಿಂತ. "ಗೊಂಬೆಯಮ್ಮ, ನನ್ನ ಅಳತೆ ತಗೋ. ಆ ದರ್ಜಿಯಮ್ಮನ್ನ ಕೇಳಿದ್ರೆ ನಾಡಿದ್ದು ಅಂತಾಳೆ." ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಗೊಂಬೆ ಒಬ್ಬೊಬ್ಬರ ಅಳತೆ ತೆಗೆಯುತ್ತಾ, ಒಬ್ಬೊಬ್ಬರಿಗೂ ಒಂದೊಂದು ಚಿಕ್ಕ ಮಾತು ಹೇಳಿತು. ಯಜಮಾನರ ಮೂಟೆಗೆ ಎರಡು ಹೊಲಿಗೆ ಜಾಸ್ತಿ ಬೇಕು ಎಂದಿತು. ಕಪ್ಪೆರಾಯರಿಗೆ ಒಂದು ಅಂಗಿ ಹೊಲಿದು ತೊಡಿಸಿತು. ಒಳಗೆ ಮೆತ್ತಗೆ, ಹೊರಗೆ ಎಲೆಯ ನರಗಳ ಹಾಗೆ ಗೆರೆಗೆರೆ, ಎದೆಯ ಮೇಲೆ ಅದೇ ಬೆಚ್ಚಗಿನ ಮರದ ಗುಂಡಿ.

ಕೊನೆಗೆ ಯಜಮಾನರು ಅಂಗಡಿ ಇರಲೋ ಬೇಡವೋ ಎಂದು ಕೇಳಿದರು. ಒಬ್ಬೊಬ್ಬರಾಗಿ 'ಇರಲಿ' ಎಂದರು. ಬೆಂಕಿಪೊಟ್ಣ ಅದನ್ನೇ ಮೂರು ಸಲ ಹೇಳಿ ಬೈಸಿಕೊಂಡ. ಉಳಿದದ್ದು ಕಪ್ಪೆರಾಯ ಒಬ್ಬರೇ. ತೆರೆಯ ಮೇಲೆ ಏನೂ ಬರಲಿಲ್ಲ. ಅತ್ತೆಯ ಕೈ ಗುಮ್ಮಿಯ ಭುಜವನ್ನು ಹಿಂಡುತ್ತಿತ್ತು.

"ಒಂದು ಷರತ್ತು" ಎಂದರು ಕಪ್ಪೆರಾಯ. "ಆ ಬಾಗಿಲಿನ ಅಂಚು ಮಡಿಚ್ಬೇಡಿ. ಹೋಗಿ ಬರುವಾಗ ಕೈಗೆ ನೂಲು ಸಿಗ್ಲಿ. ಇದು ಸೂಜಿ ಮಾತಾಡಿದ ಬಾಗಿಲು ಅಂತ ಗೊತ್ತಾಗುತ್ತೆ. ಇರಲಿ. ವಟ್." ಅಷ್ಟು ಹೇಳಿ ಅವರು ಹೊರಗೆ ಕುಪ್ಪಳಿಸಿ ಡ್ಯೂಟಿಗೆ ಹೋದರು.

ಯಜಮಾನರು, "ಅಂದಹಾಗೆ ಆ ದರ್ಜಿಯಮ್ಮನ ಮಾತೆಲ್ಲ ಎಲ್ಲಿಂದ ಬಂತಮ್ಮ?" ಎಂದು ಕೇಳಿದರು.

"ನಮ್ಮತ್ತೆದು" ಎಂದು ಬರೆದಳು ಗುಮ್ಮಿ. "ಇಲ್ಲೇ ಇದ್ದಾರೆ."

ಅಷ್ಟೇ ಸಾಕಾಯಿತು. ತೆರೆಯ ತುಂಬ ಅತ್ತೆಗೆ ನಮಸ್ಕಾರ. ಅತ್ತೆ ಕುರ್ಚಿ ಎಳೆದುಕೊಂಡು, ಗುಮ್ಮಿಯನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕತೊಡಗಿದಳು. "ಆ ಕತ್ತಿಯವನಿಗೆ ಹೇಳ್ಬೇಕು, ಹಾಗೆ ಗೋಡೆಗೆ ಹೊಡೆದ್ರೆ ಅಂಗಿ ಕಂಕುಳಲ್ಲಿ ಹರಿಯುತ್ತೆ ಅಂತ. 'ಹ' ಎಲ್ಲಿದೆಯೇ ಇದ್ರಲ್ಲಿ?"

ಶಟರು ಮತ್ತೆ ಬಡಿಯಿತು. "ಅಮ್ಮಾ, ಪ್ಯಾಂಟು ಯಾವಾಗ ಅಂತ ಸರಿಯಾಗಿ ಹೇಳ್ಳೇ ಇಲ್ಲ!"

ಅತ್ತೆಗೆ ಕೇಳಿಸಲಿಲ್ಲ. ಅವಳು 'ಹ' ಹುಡುಕುತ್ತಿದ್ದಳು.

ಗುಮ್ಮಿ ಎದ್ದಳು. ಪರದೆ ಸರಿಸಿದಳು. ಅದರ ಅಂಚಿನಲ್ಲಿ ಒಂದು ನೂಲು ಬಿಟ್ಟುಕೊಂಡಿದ್ದು ಕೈಗೆ ತಾಕಿತು. ಎಷ್ಟು ದಿನದಿಂದ ಇತ್ತೋ, ಅವಳು ನೋಡಿರಲಿಲ್ಲ. ಕೌಂಟರು ದಾಟಿ ಅರ್ಧ ಎಳೆದ ಶಟರಿನ ಕೆಳಗೆ ಬಗ್ಗಿದಳು. ಹೊರಗೆ ಬಿಸಿಲಿನಲ್ಲಿ ಒಂದು ಜೊತೆ ಶೂ, ಅದರ ಮೇಲೆ ಗಿಡ್ಡವಾದ ಪ್ಯಾಂಟು.

"ನಾಳೆ ಬನ್ನಿ" ಎಂದಳು. ಗಂಟಲು ಸರಿಮಾಡಿಕೊಂಡು ಮುಂದುವರಿಸಿದಳು. "ನಾಳೆ ಅಂದ್ರೆ ನಾಳೆನೇ. ನಾನು ಕೊಡ್ತೀನಿ."